ಟೆರೇಸ್‌ನಲ್ಲಿ ಫೆಬ್ರವರಿಯಲ್ಲಿ ಬಟಾಣಿ ಹಾಕಿದ್ದೇನೆ, ಹೂ ಬಂದು ಉದುರುತ್ತಿದೆ. ಬೆಂಗಳೂರಲ್ಲಿ ಬಟಾಣಿ ಬೆಳೆಯೋದೇ ಇಲ್ವಾ?

ಬೆಳೆಯುತ್ತದೆ. ಆದರೆ ನೀವು ಬಿತ್ತಿದ್ದು ಫೆಬ್ರವರಿಯಲ್ಲಿ ಅಂದಿದ್ದೀರಿ, ತೊಂದರೆ ಅಲ್ಲೇ ಇದೆ. ಬಟಾಣಿ ಚಳಿಗಾಲದ ಬೆಳೆ, ಸೆಕೆ 30 ಡಿಗ್ರಿ ದಾಟಿದರೆ ಎಷ್ಟು ನೀರು ಹಾಕಿದರೂ ಹೂ ನಿಲ್ಲುವುದು ಕಷ್ಟ. ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ಬಿತ್ತಿ.

ರಾತ್ರಿ ನೆನೆಸಿದ ಬೀಜವನ್ನು ನೇರವಾಗಿ ಕುಂಡದಲ್ಲೇ, ಒಂದು ಇಂಚು ಆಳಕ್ಕೆ, ಮೂರು ಇಂಚಿಗೊಂದರಂತೆ ಊರಿ. ಸಸಿ ಮಾಡಿ ಕಿತ್ತು ನೆಟ್ಟರೆ ಬೇರಿಗೆ ಪೆಟ್ಟಾಗಿ ಸೊರಗುತ್ತವೆ. ಮಣ್ಣು ತೇವ ಇದ್ದರೆ ಸಾಕು, ನೀರು ನಿಂತರೆ ಬೀಜ ಕೊಳೆಯುತ್ತದೆ. ಗಿಡ ಗೇಣುದ್ದ ಆಗುವ ಹೊತ್ತಿಗೆ ಎಲೆಯ ತುದಿಯಿಂದ ದಾರದಂಥ ಎಳೆಗಳು ಹೊರಟು ಹಿಡಿಯಲು ಏನಾದರೂ ಸಿಗುತ್ತಾ ಅಂತ ತಡಕಾಡುತ್ತವೆ. ದಪ್ಪ ಬಿದಿರನ್ನು ಅವು ಸುತ್ತಲಾರವು. ಸಣ್ಣ ಒಣ ಕಡ್ಡಿ, ಇಲ್ಲವೇ ಬಲೆ ಕೊಡಿ.

ಯೂರಿಯಾ ಬೇಡವೇ ಬೇಡ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ, ಮೇಲಿಂದ ಜಾಸ್ತಿ ಸುರಿದರೆ ಸುಮ್ನೆ ಸೊಪ್ಪು ಬೆಳೆಯುತ್ತದೆ ಅಷ್ಟೇ.

ಎಲೆ ಮೇಲೆ ಬಿಳಿ ಪುಡಿ ಕಂಡರೆ ಅದು ಬೂದಿರೋಗ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅಜಿತ್ ತಳಿ ಇದನ್ನೂ ತುಕ್ಕುರೋಗವನ್ನೂ ತಡೆದುಕೊಳ್ಳುತ್ತದೆ, ಬೀಜ ಸಿಕ್ಕರೆ ಅದನ್ನೇ ಹಾಕಿ. ಕಾಯಿ ತುಂಬಿ ಇನ್ನೂ ಹೊಳೆಯುತ್ತಿರುವಾಗಲೇ ಕೀಳಿ, ತಡ ಮಾಡಿದರೆ ಕಾಳಿನ ಸಿಹಿ ಹೋಗಿ ಹಿಟ್ಟುಹಿಟ್ಟಾಗುತ್ತದೆ.