ಗ್ಲಾಸ್ಗೋದ ಬ್ಯಾರೋಲ್ಯಾಂಡ್ ಬಾಲ್‌ರೂಮ್ ಅನ್ನೋ ಕುಣಿತದ ಹಾಲ್ ಹುಟ್ಟಿದ್ದು ಹೇಗೆ? ಈಗ ಅಲ್ಲಿ ಏನು ನಡೆಯುತ್ತದೆ?

ಇದರ ಬೇರು ಸಂತೆಯಲ್ಲಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ಯಾಲೋಗೇಟ್ ರಸ್ತೆಯ ಹತ್ತಿರ ಮ್ಯಾಗಿ ಮೆಕೈವರ್ ಮತ್ತು ಅವರ ಗಂಡ ಬೀದಿ ವ್ಯಾಪಾರಿಗಳಿಗೆ ತಳ್ಳುಗಾಡಿ ಬಾಡಿಗೆಗೆ ಕೊಡುತ್ತಿದ್ದರು. ತಳ್ಳುಗಾಡಿಗೆ ಇಂಗ್ಲಿಷಿನಲ್ಲಿ 'ಬ್ಯಾರೋ' ಅಂತಾರೆ; ಆ ಗಾಡಿಗಳಿಂದಲೇ ಅಲ್ಲಿನ ಸಂತೆಗೆ 'ಬ್ಯಾರಾಸ್' ಅನ್ನೋ ಹೆಸರು ಬಂತು. ಮ್ಯಾಗಿ ಪ್ರತಿ ಕ್ರಿಸ್‌ಮಸ್‌ಗೆ ವ್ಯಾಪಾರಿಗಳಿಗಾಗಿ ಊಟ, ಕುಣಿತ ಇಟ್ಟುಕೊಳ್ಳುತ್ತಿದ್ದರಂತೆ. ಒಂದು ವರ್ಷ ಬಾಡಿಗೆ ಹಾಲ್ ಸಿಗಲಿಲ್ಲ. ಸರಿ, ನಾನೇ ಕಟ್ಟಿಸ್ತೀನಿ ಅಂತ ಹೊರಟರು ಅನ್ನೋದು ಊರಲ್ಲಿ ಎಲ್ಲರೂ ಹೇಳುವ ಕಥೆ. 1934ರ ಡಿಸೆಂಬರ್ 24ರಂದು ಅದು ಶುರುವಾಯಿತು.

ದುಡಿಯುವ ಜನ ವಾರದ ದಣಿವು ಮರೆತು ಜೋಡಿಯಾಗಿ ಕುಣಿಯುತ್ತಿದ್ದ ಜಾಗ ಅದು. 1958ರಲ್ಲಿ ಬೆಂಕಿ ಬಿದ್ದು ಕಟ್ಟಡ ಸುಟ್ಟುಹೋಯಿತು. ಮ್ಯಾಗಿ ತೀರಿಕೊಂಡದ್ದೂ ಅದೇ ವರ್ಷ. ಮತ್ತೆ ಕಟ್ಟಿ 1960ರಲ್ಲಿ ಬಾಗಿಲು ತೆರೆದರು. ಆದರೆ 1960ರ ದಶಕದ ಕೊನೆಗೆ ಅಲ್ಲಿಗೆ ಹೋಗಿದ್ದ ಮೂವರು ಹೆಣ್ಣುಮಕ್ಕಳ ಕೊಲೆಯಾಯಿತು. ಆ ಭಯದಿಂದ ಜನ ಬರುವುದು ಕಡಿಮೆಯಾಯಿತು.

1983ರಲ್ಲಿ ಗ್ಲಾಸ್ಗೋದವರೇ ಆದ ಸಿಂಪಲ್ ಮೈಂಡ್ಸ್ ತಂಡ ತಮ್ಮ ಹಾಡೊಂದರ ವಿಡಿಯೋವನ್ನು ಇಲ್ಲಿ ಚಿತ್ರೀಕರಿಸಿತು. ಅಲ್ಲಿಂದ ಇದು ಸಂಗೀತ ಕಛೇರಿಗಳ ಜಾಗವಾಯಿತು. ಈಗ ಸುಮಾರು 1,900 ಜನ ನಿಂತು ಕೇಳಬಹುದು. ಕುಣಿತಕ್ಕೆಂದೇ ಹಾಕಿದ ಮರದ ನೆಲ ಕಾಲಡಿ ಸ್ವಲ್ಪ ಪುಟಿಯುತ್ತದೆ. ಇಡೀ ಸಭೆ ಒಟ್ಟಿಗೆ ಜಿಗಿದರೆ ಅದು ಮೈಗೇ ತಿಳಿಯುತ್ತದೆ. ಹೊರಗಿನ ದೊಡ್ಡ ಬಣ್ಣದ ನಿಯಾನ್ ಫಲಕವಂತೂ ಊರಿನ ಗುರುತೇ ಆಗಿದೆ. ವಾರದ ಕೊನೆಯಲ್ಲಿ ಹೋದರೆ ಪಕ್ಕದ ಬ್ಯಾರಾಸ್ ಸಂತೆಯನ್ನೂ ನೋಡಿ.