ಅಪ್ಪರ್ ಡಿವಿಷನ್ ಸೈನ್ಸ್ ಕೋರ್ಸ್: ಫ್ರೀಮಾಂಟ್‌ಗೆ ಹೊಸದಾಗಿ ಬಂದ ತಂಗಿಗೆ

ತಂಗಿ, ನೀನು ತುಮಕೂರಿನಲ್ಲಿ ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಓದಿ ಬಿ.ಎಸ್ಸಿ. ಮುಗಿಸಿದ್ದೀಯ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಂ.ಎಸ್.ಗೆ ಅರ್ಜಿ ಹಾಕೋಕೆ ಹೋದರೆ ‘ಎರಡು ಅಪ್ಪರ್ ಡಿವಿಷನ್ ಸೈನ್ಸ್ ಕೋರ್ಸ್ ಬೇಕು’ ಅಂತಾರೆ, ಡಿಗ್ರಿಯೇ ಇರುವಾಗ ಇದೇನಕ್ಕಾ ಅಂತ ಕೇಳಿದ್ದೀಯ. ಇದೇ ಮಾತು ಅರ್ಥವಾಗದೆ ನಾನು ಒಂದು ವರ್ಷ ಕಳಕೊಂಡಿದ್ದೀನಿ. ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಇಲ್ಲಿನ ಡಿಗ್ರಿ ನಾಲ್ಕು ವರ್ಷದ್ದು. ಜನರಲ್ ಕೆಮಿಸ್ಟ್ರಿ, ಜನರಲ್ ಬಯಾಲಜಿ, ಫಿಸಿಕ್ಸ್, ಕ್ಯಾಲ್ಕುಲಸ್ ಸಾಮಾನ್ಯವಾಗಿ ಮೊದಲೆರಡು ವರ್ಷದಲ್ಲೇ ಮುಗಿಯುತ್ತವೆ, ಅವು ಲೋಯರ್ ಡಿವಿಷನ್, ಅಂದ್ರೆ ಕೆಳಹಂತದವು. ಅವನ್ನು ಪಾಸು ಮಾಡಿದವರಿಗೆ ಮಾತ್ರ ಬಾಗಿಲು ತೆರೆಯುವ ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಸೆಲ್ ಬಯಾಲಜಿ, ಫಿಸಿಕಲ್ ಕೆಮಿಸ್ಟ್ರಿ ಬಹುಪಾಲು ಕಡೆ ಅಪ್ಪರ್, ಅಂದ್ರೆ ಮೇಲ್ಹಂತದವು. ಕ್ಯಾಟಲಾಗಿನಲ್ಲಿ ಕೋರ್ಸಿನ ಕೆಳಗೆ ‘ಪ್ರಿರಿಕ್ವಿಸಿಟ್’ (ಮೊದಲೇ ಮುಗಿಸಿರಬೇಕಾದ ಕೋರ್ಸ್) ಅನ್ನೋ ಸಾಲು ಇರುತ್ತೆ, ಮೊದಲು ಅದನ್ನ ನೋಡು.

ಪಾಠ ಕಷ್ಟ ಅಂದಮಾತ್ರಕ್ಕೆ ಅಪ್ಪರ್ ಆಗಲ್ಲ. ನಾನು ಎಡವಿದ್ದೇ ಇಲ್ಲಿ. ಮಗುವನ್ನ ಮಲಗಿಸಿ ರಾತ್ರಿ ಕೂತು ಓದಿ, ಕಮ್ಯುನಿಟಿ ಕಾಲೇಜಿನಲ್ಲಿ (ಮುಖ್ಯವಾಗಿ ಮೊದಲೆರಡು ವರ್ಷದ ಪಾಠ ಹೇಳುವ ಸ್ಥಳೀಯ ಕಾಲೇಜು) ಎರಡು ಸೆಮಿಸ್ಟರ್ ಆರ್ಗ್ಯಾನಿಕ್ ಕೆಮಿಸ್ಟ್ರಿ ಮಾಡಿದೆ, ಎರಡರಲ್ಲೂ ‘ಎ’ ಬಂತು. ಅರ್ಜಿ ಹಾಕಿದಾಗ ಯೂನಿವರ್ಸಿಟಿಯವರು ಎರಡನ್ನೂ ಲೋಯರ್ ಲೆಕ್ಕಕ್ಕೇ ಬರೆದುಕೊಂಡರು. ಆ ದಿನ ಅತ್ತಿದ್ದು ಇವತ್ತಿಗೂ ನೆನಪಿದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಕೆಲವು ಬ್ಯಾಚುಲರ್ಸ್ ಡಿಗ್ರಿಗಳ ಕೋರ್ಸ್ ಬಿಟ್ಟರೆ ಮಿಕ್ಕಿದ್ದೆಲ್ಲ ಲೋಯರ್. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ (ಒಂದು ಕ್ರೆಡಿಟ್ಟಿಗೆ) 46 ಡಾಲರ್ ಇರೋದರಿಂದ ಬುನಾದಿ ವಿಷಯಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ನಿನಗೀಗ ಬೇಕಿರೋದು ಅದಲ್ಲ.

ಬರ್ಕ್ಲಿ ಯೂನಿವರ್ಸಿಟಿಯಲ್ಲಂತೂ ಆರ್ಗ್ಯಾನಿಕ್ ಕೆಮಿಸ್ಟ್ರಿಯೇ ಎರಡು ಥರ ಇದೆ. ಬಯಾಲಜಿ ಕಡೆಯವರು ತೊಗೊಳ್ಳೋ ಕೆಮ್ 3ಎ ಲೋಯರ್, ಕೆಮಿಸ್ಟ್ರಿ ಮೇಜರ್‌ನವರದು ಹಿಂದೆ 112ಎ ಅಂತ ಅಪ್ಪರ್ ಆಗಿತ್ತು, ಈಗ 12ಎ ಅಂತ ಅದೂ ಲೋಯರ್. ಹಾಗಾಗಿ ಹೆಸರು ನೋಡಿ ಮೋಸ ಹೋಗಬೇಡ. ಫಿಸಿಯಾಲಜಿಯದ್ದೂ ಅದೇ ಕಥೆ: ನರ್ಸಿಂಗ್‌ಗೆ ಹೋಗುವವರು ಕಮ್ಯುನಿಟಿ ಕಾಲೇಜಲ್ಲಿ ಮಾಡೋದು ಲೋಯರ್.

ನಂಬರೂ ಎಲ್ಲ ಕಡೆ ಒಂದೇ ಅಲ್ಲ. ಬರ್ಕ್ಲಿ, ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ 100ರಿಂದ 199 ಅಪ್ಪರ್. ನಿನ್ನ ಮನೆ ಹತ್ತಿರದ ಕ್ಯಾಲ್ ಸ್ಟೇಟ್ ಈಸ್ಟ್ ಬೇ ಯೂನಿವರ್ಸಿಟಿಯಲ್ಲಿ 100 ಅಂದ್ರೆ ಮೊದಲ ವರ್ಷ, 300ರಿಂದ ಮೇಲೆ ಅಪ್ಪರ್. ಆಸ್ಟಿನ್‌ನಲ್ಲಿರೋ ನಿನ್ನ ಗೆಳತಿ ‘ನಾನು ಸಿಎಚ್ 301 ಮಾಡಿದೆ’ ಅಂದಳಂತಲ್ಲ, ಅಲ್ಲಿ ಮೊದಲ ಅಂಕಿ ಕ್ರೆಡಿಟ್ಟಿನದು, ಅದು ಮೊದಲ ವರ್ಷದ ಕೆಮಿಸ್ಟ್ರಿ.

ಇನ್ನು ನಿನ್ನ ಡಿಗ್ರಿ. ಪಿಯುಸಿ ಇಲ್ಲಿ ಹೈಸ್ಕೂಲ್ ಲೆಕ್ಕ, ಅದನ್ನ ಬಿಡು. ನಿನ್ನ ಕೊನೇ ವರ್ಷದ ಜೆನೆಟಿಕ್ಸ್, ಮಾಲಿಕ್ಯುಲಾರ್ ಬಯಾಲಜಿಗೆ ಅಪ್ಪರ್ ಸಿಗುವ ಸಾಧ್ಯತೆ ಚೆನ್ನಾಗಿದೆ. ತೊಂದರೆ ಏನಂದ್ರೆ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ‘ಬಾಟನಿ ಪೇಪರ್ 5’ ಅಂತಿದ್ದರೆ ಒಳಗೇನಿದೆ ಅಂತ ಇಲ್ಲಿಯವರಿಗೆ ಹೇಗೆ ಗೊತ್ತಾಗಬೇಕು? ಅಪ್ಪನಿಗೆ ಫೋನ್ ಮಾಡಿ, ನೀನು ಓದಿದ ವರ್ಷದ ಸಿಲಬಸ್‌ಗೆ ಯೂನಿವರ್ಸಿಟಿ ಸೀಲ್ ಹಾಕಿಸಿ ತರಿಸಿಕೊಡೋಕೆ ಹೇಳು. ಹೊರದೇಶದ ಡಿಗ್ರಿಯನ್ನ ಇಲ್ಲಿನ ಲೆಕ್ಕಕ್ಕೆ ಹೋಲಿಸಿ ಕೊಡೋ ಸಂಸ್ಥೆಗಳಲ್ಲಿ, ಒಂದೊಂದು ವಿಷಯವನ್ನೂ ಬಿಡಿಬಿಡಿಯಾಗಿ ನೋಡೋ ‘ಕೋರ್ಸ್ ಬೈ ಕೋರ್ಸ್’ ಇವ್ಯಾಲ್ಯುಯೇಷನ್ನೇ ಮಾಡಿಸು. ಪ್ರತಿ ವಿಷಯದ ಮುಂದೆ ಲೋಯರ್, ಅಪ್ಪರ್ ಅಂತ ನಮೂದಿಸ್ತೀರಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳು.

ಆಮೇಲೂ ಒಂದು ಕಡಿಮೆ ಬಿದ್ದರೆ ಬಯೋಕೆಮಿಸ್ಟ್ರಿ ಮಾಡು. ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಕುಟುಂಬದವರಿಗೆ ಕೊಡೋದು) ಓದೋಕೆ ಅಡ್ಡಿಯಿಲ್ಲ. ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ‘ಓಪನ್ ಯೂನಿವರ್ಸಿಟಿ’ ಅಂತಿದೆ: ಅಡ್ಮಿಷನ್ ಇಲ್ಲದಿದ್ದರೂ, ಕ್ಲಾಸಲ್ಲಿ ಜಾಗ ಉಳಿದು ಪ್ರೊಫೆಸರ್ ಒಪ್ಪಿದರೆ ಕೂರಬಹುದು. ಬರ್ಕ್ಲಿ ಎಕ್ಸ್‌ಟೆನ್ಷನ್‌ನಲ್ಲೂ ವಿಚಾರಿಸು. ಫೀಸು ಜಾಸ್ತಿ, ನಿಜ.

ಸೇರೋಕೆ ಮುಂಚೆ, ನೀನು ಅರ್ಜಿ ಹಾಕುವ ವಿಭಾಗದವರಿಗೆ ಕೋರ್ಸ್ ನಂಬರ್, ಕಾಲೇಜಿನ ಹೆಸರು ಬರೆದು ‘ಇದನ್ನು ಅಪ್ಪರ್ ಅಂತ ಒಪ್ಪುತ್ತೀರಾ’ ಅಂತ ಮೇಲ್ ಹಾಕು. ಉತ್ತರ ಬರಹದಲ್ಲೇ ಇರಲಿ, ಫೋನಲ್ಲಿ ಬೇಡ. ಆ ಮೇಲ್ ಹೇಗೆ ಬರೀಬೇಕು ಅಂತ ಗೊತ್ತಾಗದಿದ್ದರೆ ನನಗೆ ಕಳಿಸು, ನೋಡಿಕೊಡ್ತೀನಿ.