ಕೇಳಿ, ಹೇಳ್ತೀನಿ: ಕಾರಿನ ಬೆಲೆ, ಅಂದು ಮತ್ತು ಇಂದು

ಪ್ರಶ್ನೆ: ನಮ್ಮ ತಾತ ಮಾತೆತ್ತಿದರೆ “ನಮ್ಮ ಕಾಲದಲ್ಲಿ ಐವತ್ತು ಸಾವಿರಕ್ಕೆ ಹೊಸ ಮಾರುತಿ ಬರ್ತಿತ್ತು” ಅಂತಾರೆ. ಈಗ ತೀರಾ ಚಿಕ್ಕ ಕಾರಿಗೂ ಮೂರೂವರೆ ಲಕ್ಷ ಬೇಕು. ಕಾರು ನಿಜವಾಗಿ ಅಷ್ಟು ದುಬಾರಿ ಆಗಿದೆಯಾ? (ಓದುಗರೊಬ್ಬರು, ಶಿವಮೊಗ್ಗ)

ತಾತ ಸುಳ್ಳು ಹೇಳುತ್ತಿಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟಾಗ ಅದರ ಬೆಲೆ 47,500 ರೂಪಾಯಿ. ಆದರೆ ಆ ಐವತ್ತು ಸಾವಿರ ಯಾರ ಹತ್ತಿರ ಇತ್ತು ಅಂತ ತಾತನನ್ನೇ ಒಮ್ಮೆ ಕೇಳಿ ನೋಡಿ.

ಆ ವರ್ಷ ನಾನು ತಿಪಟೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಕಾರು ಬುಕ್ ಮಾಡಲು 10,000 ರೂಪಾಯಿ ಮುಂಗಡ ಕಟ್ಟಬೇಕಿತ್ತು. ಕೊಬ್ಬರಿ ಮಂಡಿಯ ಸಾಹುಕಾರರು ಕೈಚೀಲದಲ್ಲಿ ನೋಟು ತಂದು ಸುರಿಯೋರು. ಎಣಿಸಿ, ಮಾರುತಿ ಉದ್ಯೋಗ್ ಹೆಸರಿಗೆ ಡಿಡಿ ಬರೆಯುವ ಕೆಲಸ ನನ್ನದು. ನನ್ನ ಕೈಗೆ ಬರುತ್ತಿದ್ದ ಸಂಬಳ ತಿಂಗಳಿಗೆ 1,100. ಅಂದರೆ ಊಟ, ಬಾಡಿಗೆ ಏನೂ ಇಲ್ಲದೆ ಮೂರೂವರೆ ವರ್ಷ ದುಡಿದರೆ ನನಗೊಂದು ಕಾರು! ಇವತ್ತು ಅದೇ ಕುರ್ಚಿಗೆ ಬರುವ ಹುಡುಗನಿಗೆ ನಲವತ್ತು ಸಾವಿರದ ಆಸುಪಾಸು ಸಿಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಾಗ ಮಾರುತಿಯದೇ ಸಣ್ಣ ಕಾರು ಆಲ್ಟೊ ಕೆ10ರ ಶುರು ಬೆಲೆ ಸುಮಾರು 3.70 ಲಕ್ಷಕ್ಕೆ ಬಂತು. ಅವನಿಗೆ ಅದು ಒಂಬತ್ತು ತಿಂಗಳ ಸಂಬಳ.

ಚಿನ್ನದಲ್ಲಿ ಅಳೆದರೆ ಇನ್ನೂ ಮಜಾ. ಆಗ ಹತ್ತು ಗ್ರಾಂಗೆ 1,800 ರೂಪಾಯಿ ಆಸುಪಾಸು, ಅಂದರೆ ಒಂದು ಕಾರಿನ ದುಡ್ಡಿಗೆ ಕಾಲು ಕೆಜಿ ಚಿನ್ನ. 2025ರಲ್ಲಿ ಹತ್ತು ಗ್ರಾಂ ಒಂದು ಲಕ್ಷ ದಾಟಿತು. ಈಗ ಆಲ್ಟೊ ದುಡ್ಡಿಗೆ ನಲವತ್ತು ಗ್ರಾಂ ಕೂಡ ಬರಲ್ಲ. (1990ರಲ್ಲಿ ಸೊಸೈಟಿ ಸಾಲ ಮಾಡಿ ನಾನು ಹಳೇ ಮಾರುತಿ ಕೊಂಡೆ. “ಆ ದುಡ್ಡಿಗೆ ಬಳೆ ಮಾಡಿಸಿದ್ರೆ?” ಅಂತ ನನ್ನವಳು ಇವತ್ತೂ ಹಂಗಿಸುತ್ತಾಳೆ. ಉತ್ತರ ಇಲ್ಲ.)

ಇನ್ನು, ಕಾರಿನೊಳಗೆ ಏನಿತ್ತು? 796 ಸಿಸಿ ಎಂಜಿನ್, ನಾಲ್ಕು ಗೇರು. ಏಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ಏರ್‌ಬ್ಯಾಗ್ ಅನ್ನೋ ಪದವನ್ನೇ ನಾವು ಕೇಳಿರಲಿಲ್ಲ. ಈಗಿನ ಆಲ್ಟೊಗೆ ಆರು ಏರ್‌ಬ್ಯಾಗ್. ಮೇಲೆ ಕಾಯುವ ತಾಪತ್ರಯ ಇಲ್ಲ. ಆಗ ಲಾಟರಿ ಎತ್ತಿ ಸರದಿ ಕೊಡುತ್ತಿದ್ದರು. ಕೈಗೆ ಬಂದ ಕಾರನ್ನು ಮಾರನೇ ದಿನವೇ ಜಾಸ್ತಿ ದುಡ್ಡಿಗೆ ಮಾರಿದವರೂ ಇದ್ದರು.

ಹಾಗಾಗಿ ನನ್ನ ಲೆಕ್ಕದಲ್ಲಿ ಕಾರು ಅಗ್ಗ ಆಗಿದೆ. ಕಾರಿನ ಬೆಲೆ ಏರಿದ್ದು ಸುಮಾರು ಎಂಟು ಪಟ್ಟು, ಸಂಬಳ ಏರಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಲೀಟರಿಗೆ ಆರು ರೂಪಾಯಿ ಆಸುಪಾಸು ಇದ್ದ ಪೆಟ್ರೋಲು ನೂರು ದಾಟಿದೆ, ಅಂದರೆ ಕಾರಿನ ಎರಡರಷ್ಟು ವೇಗದಲ್ಲಿ ಏರಿದೆ. ತಾತ ಬೈಯಬೇಕಾದ್ದು ಬಂಕಿನವರನ್ನು, ಅಲ್ವಾ?

ಪ್ರಶ್ನೆ: ಜಾಹೀರಾತಿನಲ್ಲಿ 3.70 ಲಕ್ಷ ಅಂತಾರೆ, ಶೋರೂಮಿಗೆ ಹೋದರೆ ಅದಕ್ಕಿಂತ ಎಷ್ಟೋ ಜಾಸ್ತಿ ಕೇಳುತ್ತಾರೆ. ಇದು ಮೋಸ ತಾನೇ? (ಓದುಗರೊಬ್ಬರು, ಹಾಸನ)

ಮೋಸ ಅಲ್ಲ, ಅದು ತೆರಿಗೆ. ನಮ್ಮ ರಾಜ್ಯದಲ್ಲಿ ಐದು ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ 13 ಪರ್ಸೆಂಟ್, ಅದರ ಮೇಲೆ ಸೆಸ್ ಬೇರೆ. ಜೊತೆಗೆ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇವೆರಡನ್ನೂ ತಪ್ಪಿಸೋಕಾಗಲ್ಲ. ಆದರೆ “ಹ್ಯಾಂಡ್ಲಿಂಗ್ ಚಾರ್ಜ್” ಅಂತ ಸುಮ್ನೆ ಒಂದು ಸಾಲು ಸೇರಿಸಿದ್ದರೆ ಹೊಡೆದು ಹಾಕಿಸಿ. ವಿಮೆಯನ್ನು ಹೊರಗೂ ವಿಚಾರಿಸಿ.

ಅಂದ ಹಾಗೆ, 3.70 ಲಕ್ಷಕ್ಕೆ 13 ಪರ್ಸೆಂಟ್ ಅಂದರೆ 48,100 ರೂಪಾಯಿ. ಶಿವಮೊಗ್ಗದ ತಾತನಿಗೆ ಇದನ್ನು ಯಾರೂ ಹೇಳಬೇಡಿ.